ಸೊಲ್ಲಾಪುರದ ಸೋಮವಾರಗಳು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಡಿ ಊರಿನ ಸರ್ಕಾರಿ ಶಾಲೆಯಲ್ಲಿ ಇಷ್ಟು ವರ್ಷ ಮಕ್ಕಳಿಗೆ ಮಗ್ಗಿ ಕಲಿಸಿದವಳಿಗೆ ಸಿಟ್ಟು ಬಾರದೆ ಇನ್ನೇನು ಬರಬೇಕು? ಆದರೆ ನನ್ನ ತಮ್ಮ ಶ್ರೀಶೈಲನ ಮುಂದೆ ಆ ಸಿಟ್ಟು ನಡೆಯುವುದಿಲ್ಲ. ಬೈದರೆ ನಗುತ್ತಾನೆ. ಇನ್ನೂ ಜೋರಾಗಿ ಬೈದರೆ ತಲೆ ಬಗ್ಗಿಸಿ, "ಆತು ಬಿಡಕ್ಕಾ, ನೀ ಹೇಳಿದ್ದ ಖರೇ" ಎಂದು ತನಗೆ ಬೇಕಾದದ್ದನ್ನೇ ಮಾಡುತ್ತಾನೆ. ಅಂಥವನನ್ನು ಏನು ಮಾಡುವುದು ಹೇಳಿ.

ಅವನು ನನ್ನ ತವರೂರು ತಾಂಬಾದಿಂದ ಇಂಡಿಗೆ ಟಂಟಂ ಹೊಡೆಯುತ್ತಾನೆ. ಆ ಮೂರು ಗಾಲಿಯ ಗಾಡಿಯಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂದು ಪೊಲೀಸರು ಕೇಳಬಾರದು, ಅವನೂ ಹೇಳಬಾರದು. ಸಂತೆಗೆ ಹೊರಟ ಮುದುಕಿ, ನಿಂಬೆಹಣ್ಣಿನ ಚೀಲ, ಕಾಲೇಜಿನ ಹುಡುಗಿಯರು, ಆಸ್ಪತ್ರೆಗೆ ಹೊರಟ ಬಾಣಂತಿ, ಎಲ್ಲರಿಗೂ ಅದರಲ್ಲಿ ಜಾಗ ಉಂಟು. ಹೊಲದ ಬದುವಿನ ಮೇಲೆ ಯಾರಾದರೂ ಓಡಿ ಬರುತ್ತಿರುವುದು ಕಂಡರೆ ಗಾಡಿ ನಿಲ್ಲಿಸಿಕೊಂಡು ಕೂರುತ್ತಾನೆ. ಒಳಗೆ ಕೂತವರು ಹೊತ್ತಾಯಿತೆಂದು ಬೈದರೆ, "ನಿಮಗೂ ಹಿಂಗ ನಿಲ್ಲಿಸಿದ್ದೆ, ನೆನಪೈತಿಲ್ಲೋ?" ಎನ್ನುತ್ತಾನೆ. ಅವರ ಬಾಯಿ ಮುಚ್ಚುತ್ತದೆ. ಊರಲ್ಲಿ ಅವನನ್ನು ಬೇಡವೆನ್ನುವವರನ್ನು ನಾನಂತೂ ಕಂಡಿಲ್ಲ.

ಕೆಲವು ವರ್ಷಗಳ ಹಿಂದೆ ಅವನ ಕಾಲು ಬಾತುಕೊಳ್ಳತೊಡಗಿತು. ಚಪ್ಪಲಿ ಬಿಗಿಯಾಗುತ್ತಿದೆ ಎಂದು ಒಂದು ಅಳತೆ ದೊಡ್ಡ ಚಪ್ಪಲಿ ಕೊಂಡುಕೊಂಡ ಪುಣ್ಯಾತ್ಮ! ಮೈಯಲ್ಲಿ ಬಿಪಿ ಬಹಳ ದಿನದಿಂದ ಇತ್ತಂತೆ. ಯಾರು ನೋಡಿಸಿದ್ದರು? ಗೊತ್ತಾಗುವ ಹೊತ್ತಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ವಿಜಯಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಕಿಡ್ನಿ ಯಾರು ಕೊಡುವುದು ಎಂಬ ಮಾತು ಬಂತು. ನಮ್ಮವ್ವ ಬಾಳಮ್ಮನಿಗೆ ವಯಸ್ಸು ಮೀರಿತ್ತು. ಅವನ ಹೆಂಡತಿ ಭುವನೇಶ್ವರಿಯ ರಕ್ತದ ಗುಂಪು ಹೊಂದಲಿಲ್ಲ. ಉಳಿದವಳು ನಾನು. ನನ್ನ ಯಜಮಾನರು ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಕೇಳಬೇಕಾದವರು ಯಾರೂ ಇರಲಿಲ್ಲವಾದ್ದರಿಂದ ನನ್ನನ್ನು ನಾನೇ ಕೇಳಿಕೊಂಡೆ, ನಾನೇ ಹೂಂ ಅಂದೆ.

ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನಾಲ್ಕನೇ ದಿನ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನನ್ನ ಹಾಸಿಗೆಯ ಹತ್ತಿರ ಕರೆತಂದರು. ಬಾಯಿಗೆ ಮಾಸ್ಕ್ ಕಟ್ಟಿದ್ದರು. ಏನೋ ಹೇಳಬೇಕೆಂದು ಬಂದಿದ್ದ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕೊನೆಗೆ ಬಾಯಿಂದ ಬಂದದ್ದು, "ಭಾಳ ನೋವಾಗಾಕತ್ತೇತೇನಕ್ಕಾ?" ಎಂದಷ್ಟೇ. "ನೋವಾಗದ ಹೂವಿನ ಪಲ್ಲಕ್ಕಿ ಆಗತೈತೇನು? ಸುಮ್ನ ಹೋಗಿ ಮಲ್ಕೋ" ಎಂದು ಗದರಿ ಕಳಿಸಿದೆ. ಆಮೇಲೆ ಆ ವಿಷಯವನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಅಂಥ ಮಾತುಗಳನ್ನು ಬಾಯಿಬಿಟ್ಟು ಆಡುವ ರೂಢಿಯಿಲ್ಲ.

ಆದರೆ ಒಂದು ಮಾತು ನಿಜ. ಕೊಟ್ಟಮೇಲೆ ಅದು ಅವನದು ಎಂದು ಎಲ್ಲರೂ ಹೇಳಿದರೂ ನನಗೆ ಹಾಗನ್ನಿಸಲಿಲ್ಲ. ಗಂಡನ ಮನೆಗೆ ಕೊಟ್ಟ ಮಗಳಿದ್ದ ಹಾಗೆ ಅದು. ಉಂಡಳೋ ಬಿಟ್ಟಳೋ ಎಂದು ಜೀವ ಎಳೆಯುತ್ತಿರುತ್ತದೆ. ದಿನಾ ಶಾಲೆ ಬಿಟ್ಟಕೂಡಲೇ ಫೋನ್ ಹಚ್ಚಿ, "ನೀರು ಕುಡಿದೇನು? ಗುಳಿಗಿ ತಗೊಂಡೇನು?" ಎಂದು ಕೇಳುತ್ತಿದ್ದೆ.

ಗುಳಿಗೆಯ ವಿಷಯದಲ್ಲಿ ಅವನು ಶಿಸ್ತಿನ ಮನುಷ್ಯ. ಅದನ್ನು ಒಪ್ಪಲೇಬೇಕು. ಹೊಸ ಕಿಡ್ನಿಯನ್ನು ಮೈ ಪರಕೀಯ ಎಂದು ಹೊರದಬ್ಬದಂತೆ ಕಾಯುವ ಗುಳಿಗೆ ಬೆಳಿಗ್ಗೆ ಸಂಜೆ, ಅದರ ಜೊತೆ ಬಿಪಿಯ ಗುಳಿಗೆ. ಮೊಬೈಲಿನಲ್ಲಿ ಗಂಟೆ ಹೊಡೆಯುತ್ತದೆ. ಗಾಡಿ ಹೊಡೆಯುತ್ತಿದ್ದರೆ ಒಳಗೆ ಕೂತವರೇ, "ಶ್ರೀಶೈಲಣ್ಣಾ, ಗುಳಿಗಿ ಹೊತ್ತಾತು, ಬಾಜೂಕ ಹಾಕು" ಎಂದು ಕೂಗುತ್ತಾರೆ. ನೀರಿನ ಬಾಟಲಿ ಹಿಂದಿನ ಸೀಟಿನಿಂದ ಕೈಯಿಂದ ಕೈಗೆ ದಾಟಿ ಮುಂದೆ ಬರುತ್ತದೆ. ಅವನು ನುಂಗಿ ಮುಗಿಸುವ ತನಕ ಯಾರೂ ಅವಸರ ಮಾಡುವುದಿಲ್ಲ. ಉಪ್ಪು ಕಡಿಮೆ ಮಾಡು ಅಂದರೆ ಕಡಿಮೆ ಮಾಡಿದ. ಉಪ್ಪಿನಕಾಯಿ ಬಿಟ್ಟ, ಹಪ್ಪಳ ಬಿಟ್ಟ. ಮದುವೆ ಮನೆಗೆ ಹೋದರೂ ಭುವನೇಶ್ವರಿ ಕಟ್ಟಿಕೊಟ್ಟ ರೊಟ್ಟಿ, ಸಪ್ಪನೆಯ ಪಲ್ಯವನ್ನು ಬಿಚ್ಚಿಕೊಂಡು ಎಲ್ಲರ ಪಂಕ್ತಿಯಲ್ಲೇ ಕೂತು ಉಣ್ಣುತ್ತಾನೆ. ನಾಚಿಕೆ ಗೀಚಿಕೆ ಏನಿಲ್ಲ.

ತಿಂಗಳಿಗೊಂದು ಸೋಮವಾರ ಸೊಲ್ಲಾಪುರಕ್ಕೆ ಹೋಗಬೇಕು. ರಕ್ತ ಕೊಟ್ಟು, ಡಾಕ್ಟರ್ ಯಾಸ್ಮಿನ ಅವರಿಗೆ ತೋರಿಸಿಕೊಂಡು ಬರಬೇಕು. ನನಗೆ ಶಾಲೆ ಇದ್ದದ್ದರಿಂದ ಭುವನೇಶ್ವರಿಯೇ ಜೊತೆಗೆ ಹೋಗುತ್ತಿದ್ದಳು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಗಾಡಿ ಮತ್ತೆ ರಸ್ತೆಗೆ ಇಳಿದಿತ್ತು, ಅವನ ಮುಖಕ್ಕೆ ಬಣ್ಣ ಬಂದಿತ್ತು.

ಕಳೆದ ಬೇಸಿಗೆಯಿಂದ ಸುದ್ದಿ ಕೆಡತೊಡಗಿತು. ಸೊಲ್ಲಾಪುರಕ್ಕೆ ಹೋದಾಗಲೆಲ್ಲ ಬಿಪಿ ಜಾಸ್ತಿ. ಮೊದಲು ಒಂದು ಗುಳಿಗೆಯ ಅಳತೆ ಹೆಚ್ಚಿಸಿದರು. ಮುಂದಿನ ತಿಂಗಳೂ ಜಾಸ್ತಿಯೇ ಬಂತು, ಇನ್ನೊಂದು ಗುಳಿಗೆ ಸೇರಿಸಿದರು. ಆಮೇಲೆ ರಕ್ತದಲ್ಲಿ ಕ್ರಿಯಾಟಿನಿನ್ ಕೂಡ ಸ್ವಲ್ಪ ಏರಿತು. ಕಿಡ್ನಿಯ ಸುಖದುಃಖ ಹೇಳುವ ಅಂಕಿ ಅದೇ ಎಂಬುದು ಇಷ್ಟು ವರ್ಷದಲ್ಲಿ ನಮ್ಮವ್ವನಿಗೂ ಗೊತ್ತಾಗಿದೆ. ಫೋನಿನಲ್ಲಿ ಅವನು, "ಸ್ವಲ್ಪ ಏರೈತಂತ, ಏನಾಗಂಗಿಲ್ಲ" ಎಂದು ನಕ್ಕ. ಅವನ ನಗು ನನಗೆ ಗೊತ್ತಿಲ್ಲವೇ? ಆವತ್ತಿನ ನಗು ಬೇರೆ ಇತ್ತು.

ಅದರ ಬೆನ್ನಿಗೇ ತಲೆಸುತ್ತು ಶುರುವಾಯಿತು. ಒಂದು ಬೆಳಿಗ್ಗೆ ದನದ ಕೊಟ್ಟಿಗೆಯ ಮುಂದೆ ಬಗ್ಗಿದವನು ಏಳುವಾಗ ಹಾಗೇ ಕುಸಿದ. ಭುವನೇಶ್ವರಿ ಹಿಡಿದುಕೊಳ್ಳದಿದ್ದರೆ ತಲೆ ಒಡೆಯುತ್ತಿತ್ತು. ಎದ್ದು ಕೂತವನೇ ಗಾಡಿಯ ಚಾವಿ ತೆಗೆದು ಅವಳ ಕೈಗೆ ಕೊಟ್ಟು, "ಇನ್ನ ನಾ ಮಂದೀನ ಕುಂದ್ರಿಸ್ಕೊಂಡು ಹೋಗಂಗಿಲ್ಲ" ಎಂದನಂತೆ. ಯಾರೂ ಹೇಳಲಿಲ್ಲ, ತಾನೇ ಕೊಟ್ಟ. ಟಂಟಂ ಬೇವಿನ ಗಿಡದ ಕೆಳಗೆ ನಿಂತಿತು.

ಸುದ್ದಿ ನನಗೆ ಶಾಲೆಯಲ್ಲಿ ಮುಟ್ಟಿತು. ಕಿಡ್ನಿ ಹೋಗುತ್ತಿದೆ ಎಂದೇ ತಿಳಿದುಕೊಂಡೆ. ಇನ್ನೊಂದು ಕೊಡೋಣವೆಂದರೆ ನನ್ನ ಹತ್ತಿರ ಉಳಿದಿರುವುದೇ ಒಂದು. ಮತ್ತೆ ಆ ವಿಜಯಪುರದ ದಾರಿ, ಆ ಬೂದಿ ಬಣ್ಣದ ಮುಖ. ಮಕ್ಕಳಿಗೆ ಗುಣಾಕಾರ ಹೇಳಿಕೊಡುತ್ತಿದ್ದವಳು ಬೋರ್ಡಿನ ಮೇಲೆ ಏನು ಬರೆದೆನೋ ನನಗೇ ತಿಳಿಯಲಿಲ್ಲ. ಮಕ್ಕಳು ಕಿಸಿಕಿಸಿ ನಕ್ಕವು.

ಅಳುತ್ತಾ ಕೂತರೆ ಆಗುವುದಿಲ್ಲವೆಂದು ಬಾಬುಲಾಲನ ಮೆಡಿಕಲ್ ಅಂಗಡಿಯಲ್ಲಿ ಒಂದು ಬಿಪಿ ಮಶೀನು ಕೊಂಡು ತಾಂಬಾಕ್ಕೆ ಹೋದೆ. ಅವನ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದೆ. ಮೇಲಿನದು ತೊಂಬತ್ತೆಂಟು ತೋರಿಸಿತು! ಸೊಲ್ಲಾಪುರದಲ್ಲಿ ನೂರಾ ಎಪ್ಪತ್ತು ಇದ್ದ ಮನುಷ್ಯನಿಗೆ ಮನೆಯಲ್ಲಿ ತೊಂಬತ್ತೆಂಟು ಎಂದರೆ ಯಾರು ನಂಬುತ್ತಾರೆ? ಇನ್ನೆರಡು ಸಲ ನೋಡಿದೆ. ಹಾಗೇ ಬಂತು. ಸಿಟ್ಟು ನೆತ್ತಿಗೇರಿತು. ಮರುದಿನ ಶಾಲೆಗೆ ಹೋಗುವ ಮುಂಚೆ ಮಶೀನನ್ನು ಬಾಬುಲಾಲನ ಟೇಬಲ್ಲಿನ ಮೇಲೆ ಕುಕ್ಕಿದೆ.

"ಏನಪಾ ಬಾಬುಲಾಲ, ಕೆಟ್ಟ ಮಶೀನ ಕೊಟ್ಟು ಮಂದಿ ಜೀವಾ ತೆಗೀತಿಯೇನು?"

ಬಾಬುಲಾಲ ಮೆತ್ತಗಿನ ಮನುಷ್ಯ. ಅವನ ಮಕ್ಕಳಿಬ್ಬರಿಗೂ ನಾನೇ ಅಕ್ಷರ ಕಲಿಸಿದ್ದು. "ಕುಂದರ್ರಿ ಅಕ್ಕೋರ, ಸಿಟ್ಟಾಗಬ್ಯಾಡ್ರಿ" ಎಂದು ತನ್ನ ತೋಳಿಗೇ ಪಟ್ಟಿ ಹಾಕಿಕೊಂಡು ನೋಡಿದ. ಸರಿಯಾಗಿ ಬಂತು. ಅಂಗಡಿಗೆ ಬಂದ ಗಿರಾಕಿಗೂ ಹಾಕಿದ. ಅವನದೂ ಸರಿ. ಆಮೇಲೆ ನನ್ನ ತೋಳು ಕೇಳಿದ. ಒತ್ತಿದರೆ ನೂರಾ ಅರವತ್ತು ದಾಟಿತು.

"ನೋಡ್ರಿ ಅಕ್ಕೋರ, ಮಶೀನ ಬರೋಬ್ಬರಿ ಐತಿ. ಕೆಟ್ಟಿದ್ದು ನಿಮ್ಮ ಸಿಟ್ಟು" ಎಂದ. ಗಿರಾಕಿ ನಕ್ಕ. ನನಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ಮಶೀನನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಮಶೀನು ಸರಿ ಇದ್ದರೆ ಮನೆಯಲ್ಲಿ ಕಡಿಮೆ, ಸೊಲ್ಲಾಪುರದಲ್ಲಿ ಜಾಸ್ತಿ ಯಾಕೆ? ಎಷ್ಟು ಯೋಚಿಸಿದರೂ ತಲೆಗೆ ಹೊಳೆಯಲಿಲ್ಲ. ಮುಂದಿನ ಸೋಮವಾರಕ್ಕೆ ರಜೆ ಬರೆದುಕೊಟ್ಟು, "ಈ ಸಲ ನೀ ಮನ್ಯಾಗ ಇರವಾ, ನಾ ಹೋಗ್ತೇನಿ" ಎಂದು ಭುವನೇಶ್ವರಿಗೆ ಹೇಳಿದೆ. ಆ ಮಶೀನನ್ನೂ ಜೊತೆಗೆ ಒಯ್ದೆ.

ನಸುಕಿನಲ್ಲಿ ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮದುಮಗನ ಹಾಗೆ ಬಂದಿದ್ದ. ಆಸ್ಪತ್ರೆಗೆ ಹೋಗಲು ಇಷ್ಟೊಂದು ಶೃಂಗಾರ ಯಾಕೋ ಎಂದುಕೊಂಡೆ. ಬಸ್ಸಿನಲ್ಲಿ ನಾನು ಬಾಟಲಿ ತೆಗೆದು ನೀರು ಕುಡಿದು ಅವನ ಕಡೆ ಚಾಚಿದೆ. ಬೇಡವೆಂದು ತಲೆಯಾಡಿಸಿದ. ರಕ್ತ ಕೊಡುವುದಿದೆಯಲ್ಲ, ತಿನ್ನುವುದು ಕುಡಿಯುವುದು ಏನೂ ಬೇಡ ಎಂದಿರಬೇಕೆಂದು ಸುಮ್ಮನಾದೆ. ಬಿಸಿಲೇರಿದಂತೆ ಅವನ ತುಟಿ ಒಣಗಿ ಬಿರಿಯತೊಡಗಿತು. ಆದರೂ ಕಿಟಕಿಯಾಚೆ ನೋಡುತ್ತಾ ಬಹಳ ಸಮಾಧಾನದಿಂದ ಕೂತಿದ್ದ.

ಆಸ್ಪತ್ರೆಯಲ್ಲಿ ರಕ್ತ ಕೊಡುವ ಸಾಲು ಉದ್ದವಿತ್ತು. ರಕ್ತ ಕೊಟ್ಟಮೇಲೆ ಡಾಕ್ಟರರ ಸಾಲು ಅದಕ್ಕಿಂತ ಉದ್ದ. ಎದ್ದುಹೋದರೆ ಸರದಿ ತಪ್ಪುತ್ತದೆಂದು ಅಲ್ಲೇ ಬೆಂಚಿನ ಮೇಲೆ ಕೂತೆವು. ಅವನ ತೋಳಿಗೆ ನನ್ನ ಮಶೀನು ಕಟ್ಟಿದೆ. ನೂರಾ ಎಪ್ಪತ್ತೆರಡು! ಹಾಗಾದರೆ ಆಸ್ಪತ್ರೆಯ ಮಶೀನೂ ಸುಳ್ಳಲ್ಲ, ನನ್ನದೂ ಸುಳ್ಳಲ್ಲ. ನನಗೆ ಭಯವಾಯಿತು. ಅವನು ಮಾತ್ರ, "ಆಗ್ಲಿ ಬಿಡಕ್ಕಾ" ಎಂದ. "ಏನು ಆಗ್ಲಿ ಬಿಡು? ನಿನ್ನ ತಲಿ!" ಎಂದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

ಡಾಕ್ಟರ್ ಯಾಸ್ಮಿನ ತೆಳ್ಳಗಿನ ಹೆಂಗಸು, ಮಾತು ಕಡಿಮೆ. ಬಿಪಿ ನೋಡಿದರು, ಹಿಂದಿನ ತಿಂಗಳ ಕಾಗದ ನೋಡಿದರು, ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಎಷ್ಟ ಗುಳಿಗಿ ಕೊಟ್ರೂ ಬಿಪಿ ಇಳೀವಲ್ದು. ಕ್ರಿಯಾಟಿನಿನ್ನೂ ಏರಾಕತ್ತೈತಿ. ಇವತ್ತಿನ ರಿಪೋರ್ಟ್ ಬರಲಿ, ಹಂಗ ಇದ್ರ ಸೂಜಿ ಹಾಕಿ ಕಿಡ್ನಿದೊಂದು ಚೂರು ತೆಗೆದು ತಪಾಸಣಿ ಮಾಡೂಣು" ಎಂದರು.

ಚೂರು ತೆಗೆಯುವುದೇ! ಆದರೂ ಧೈರ್ಯ ಮಾಡಿ ಚೀಲದಿಂದ ಮಶೀನು ತೆಗೆದು ಅವರ ಮುಂದಿಟ್ಟು, "ಡಾಕ್ಟರ್, ಮನ್ಯಾಗ ನೋಡಿದ್ರ ನೂರರ ಒಳಗ ಬರತೈತ್ರಿ. ತಲಿ ತಿರುಗಿ ಬಿದ್ದಾನ್ರಿ" ಎಂದೆ.

ಅವರು ಮಶೀನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅವನ ಕಡೆ ತಿರುಗಿದರು.

"ಶ್ರೀಶೈಲ, ಗುಳಿಗಿ ಬರೋಬ್ಬರಿ ತಗೋತೀರೇನ್ರಿ?"

"ಒಂದೂ ತಪ್ಪಿಸಿಲ್ರಿ."

"ಇವತ್ತ ಮುಂಜಾನಿ ಏನೇನು ತಗೊಂಡ್ರಿ?"

"ಇವತ್ತ ಏನೂ ಇಲ್ರಿ."

"ಏನೂ ಅಂದ್ರ?"

"ಏನೂ ಅಂದ್ರ ಏನೂ ಇಲ್ರಿ. ನಿನ್ನಿ ರಾತ್ರಿ ಊಟಾದ ಮ್ಯಾಲ ನೀರು ಸುದ್ದಾ ಮುಟ್ಟಿಲ್ರಿ. ನಿಮಗ ತೋರಿಸಿ ಹೊರಗ ಹೋದ ಮ್ಯಾಲ ಎಲ್ಲಾ ಗುಳಿಗಿ ಒಮ್ಮೆಗೇ ತಗೋತೇನ್ರಿ." ಎದೆ ಸೆಟೆಸಿ ಹೇಳಿದ. ವರ್ಗದಲ್ಲಿ ಮನೆಪಾಠ ಮಾಡಿಕೊಂಡು ಬಂದ ಹುಡುಗನೂ ಅಷ್ಟು ಹೆಮ್ಮೆಯಿಂದ ಹೇಳುವುದಿಲ್ಲ.

ಡಾಕ್ಟರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಬಿಪಿ ಗುಳಿಗಿನೂ ತಗೊಂಡಿಲ್ಲಾ?"

"ಬ್ಯಾಸಿಗ್ಯಾಗ ನೀವಾ ಹೇಳಿದ್ರಲ್ರಿ, ರಕ್ತ ಕೊಡೂತನಕ ಗುಳಿಗಿ ತಗೋಬ್ಯಾಡಂತ."

"ಅಯ್ಯೋ ನನ್ನಪ್ಪಾ!" ಎಂದರು ಡಾಕ್ಟರ್. ಕಿಡ್ನಿ ಕಾಯುವ ಆ ಒಂದು ಗುಳಿಗೆಯನ್ನು ಮಾತ್ರ ರಕ್ತ ಕೊಟ್ಟಮೇಲೆ ತೆಗೆದುಕೊಳ್ಳಬೇಕು, ಯಾಕೆಂದರೆ ರಕ್ತದಲ್ಲಿ ಅದು ಎಷ್ಟು ಉಳಿದಿದೆ ಎಂದು ನೋಡುವುದಿರುತ್ತದೆ. ಬಿಪಿಯ ಗುಳಿಗೆಯನ್ನು ದಿನದ ಹಾಗೆ ಬೆಳಿಗ್ಗೆಯೇ ನುಂಗಬೇಕು. ನೀರನ್ನಂತೂ ಯಾವತ್ತೂ ಬಿಡಬಾರದು. ಇವನು ಗುಳಿಗೆ ಬಿಟ್ಟು, ನೀರು ಬಿಟ್ಟು, ಬಿಸಿಲಲ್ಲಿ ಬಸ್ಸು ಹತ್ತಿ ಬಂದು ತೋಳು ಚಾಚಿದರೆ ಬಿಪಿ ಏರದೆ ಏನು ಮಾಡೀತು? ಒಣಗಿದ ಮೈಯಲ್ಲಿ ಕ್ರಿಯಾಟಿನಿನ್ನೂ ಏರುತ್ತದೆ. ಏರಿದ್ದನ್ನು ನೋಡಿ ಅವರು ಗುಳಿಗೆ ಹೆಚ್ಚಿಸುತ್ತಾರೆ. ಇವನು ಮನೆಗೆ ಹೋಗಿ ಅಷ್ಟನ್ನೂ ತಪ್ಪದೆ ನುಂಗಿ, ಬಿಪಿ ನೆಲಕ್ಕಿಳಿದು, ಕೊಟ್ಟಿಗೆಯ ಮುಂದೆ ಬೀಳುತ್ತಾನೆ.

ನಾನು ಆಸ್ಪತ್ರೆ ಎನ್ನುವುದನ್ನೂ ಮರೆತೆ. "ಯಾರು ನಿನಗ ನೀರು ಬಿಡಂತ ಹೇಳಿದ್ರು? ಯಾವ ಶಾಣ್ಯಾ ಹೇಳಿದ? ನಾ ಅಲ್ಲೆ ಸಾಲ್ಯಾಗ ಕುಂತು ಜೀವಾ ಕೈಯಾಗ ಹಿಡಕೊಂಡೇನಿ, ನೀ ಇಲ್ಲಿ ಬಂದು ನಿರಾಹಾರ ಮಾಡಾಕತ್ತೀ ಏನು?" ಎಂದು ಒದರಿದೆ. ಬಾಗಿಲಲ್ಲಿದ್ದ ನರ್ಸು ಒಳಗೆ ಇಣುಕಿದಳು. ಡಾಕ್ಟರ್ ನನ್ನ ಕೈಹಿಡಿದು ಕೂರಿಸಿದರು. "ನಮ್ಮದೂ ತಪ್ಪೈತ್ರಿ. ಇಷ್ಟ ತಿಂಗಳ ನಾವೂ ಬಿಡಿಸಿ ಕೇಳಲಿಲ್ಲ" ಎಂದರು. ದೊಡ್ಡ ಮನಸ್ಸಿನ ಹೆಂಗಸು. ಅಷ್ಟು ಹೇಳಿದ್ದಕ್ಕೆ ನನ್ನ ಸಿಟ್ಟು ಅರ್ಧ ಇಳಿಯಿತು.

ಈಗಲೇ ಗುಳಿಗೆ ನುಂಗಿ, ನೀರು ಕುಡಿದು, ಊಟ ಮಾಡಿ, ಮಧ್ಯಾಹ್ನದ ಮೇಲೆ ಬರಲು ಹೇಳಿದರು. ಹಾಗೇ ಮಾಡಿದೆವು. ಸಂಜೆಯ ಹೊತ್ತಿಗೆ ಅವನ ಬಿಪಿ ಒಳ್ಳೆಯ ಹುಡುಗನಂತೆ ಕೆಳಗಿಳಿದು ಕೂತಿತ್ತು. ಬೆಳಿಗ್ಗೆ ಕೊಟ್ಟ ರಕ್ತದ ರಿಪೋರ್ಟಿನಲ್ಲಿ ಮಾತ್ರ ಕ್ರಿಯಾಟಿನಿನ್ ಮತ್ತೆ ಸ್ವಲ್ಪ ಏರಿತ್ತು. ಡಾಕ್ಟರ್ ಆಮೇಲೆ ಸೇರಿಸಿದ್ದ ಗುಳಿಗೆಯನ್ನು ತೆಗೆದುಹಾಕಿದರು.

"ಸೂಜಿ ಈಗ ಬ್ಯಾಡ. ಕಿಡ್ನಿಗಿ ಏನೂ ಆಗಿಲ್ಲ ಅಂತ ನನಗ ಅನಸತೈತಿ. ಮುಂದಿನ ಸೋಮವಾರ ನೀರು ಕುಡಿದು, ಬಿಪಿ ಗುಳಿಗಿ ತಗೊಂಡು ಬರ್ರಿ. ಆವಾಗಿನ ರಕ್ತ ನೋಡಿ ಖಾತ್ರಿ ಹೇಳ್ತೇನಿ" ಎಂದರು.

ಹೊರಗೆ ಬಂದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಸ್ಸು ಹತ್ತಿ ಕೂತಮೇಲೆ ನೋಡುತ್ತೇನೆ, ಅವನ ಮುಖ ಸಪ್ಪಗಿದೆ.

"ಏನಾತೋ? ಖುಷಿ ಪಡೋದು ಬಿಟ್ಟು ಸತ್ತವರ ಮನ್ಯಾಗಿನಂಗ ಕುಂತೀಯಲ್ಲ."

"ಮುಂದಿನ ಸೋಮಾರ ನೀರು ಕುಡಿಯಾಕ ಆಗಂಗಿಲ್ಲಕ್ಕಾ" ಎಂದ.

"ಯಾಕ?"

ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ. "ತಪಾಸಣಿ ಹೆಂಗೂ ಸೋಮಾರನ ಇರತೈತಿ. ಬ್ಯಾಸಿಗ್ಯಾಗ ಗುಳಿಗಿ ತಗೋಬ್ಯಾಡ ಅಂದ್ರು, ಹೊಟ್ಟಿ ಖಾಲಿ ಇರತೈತಿ. ನೀರೂ ಬಿಟ್ಟು ವಾರಾನ ಹಿಡಿದುಬಿಟ್ಟೆ. ನಿನ್ನ ಹೆಸರಿಲೆ."

"ನನ್ನ ಹೆಸರಿಲೆ?"

"ಮಂದಿ ದೇವರ ಹೆಸರಿಲೆ ಹಿಡೀತಾರ. ಇದನ್ನ ದೇವರು ಕೊಟ್ಟಿದ್ದಲ್ಲಲ್ಲ, ನೀ ಕೊಟ್ಟಿದ್ದು." ತನ್ನ ಹೊಟ್ಟೆಯ ಬಲಗಡೆ ಮೆಲ್ಲಗೆ ಕೈಯಿಟ್ಟುಕೊಂಡ. "ಬಾಯಿಲೆ ಹೇಳಾಕ ನನಗ ಬರಂಗಿಲ್ಲ. ತಿಂಗಳಿಗೊಂದು ದಿನ ನಿನ್ನ ಹೆಸರಿಲೆ ಉಪಾಸ ಇದ್ರ ಇದು ತಣ್ಣಗ ಇರತೈತಿ ಅಂತ ನನ್ನ ಮನಸ್ಸಿನ್ಯಾಗ."

ನನಗೆ ಬರುವುದು ಒಂದೇ, ಮತ್ತೆ ಬೈದೆ. "ಹುಚ್ಚಪ್ಯಾಲಿ, ಆ ಉಪಾಸಾನ ಕಿಡ್ನಿ ತಿನ್ನಾಕತ್ತಿತ್ತಲ್ಲೋ! ನನ್ನ ಹೆಸರಿಲೆ ಹಿಡಿದೀ ಅಂದ್ರ ಈಗ ನಾನಾ ಹೇಳಾಕತ್ತೇನಿ, ಬಿಡು."

"ದೇವರು ಬಸ್ಸಿನ್ಯಾಗ ಕುಂತು ಹೇಳಿದ್ರ ನಡ್ಯಂಗಿಲ್ಲಕ್ಕಾ" ಎಂದು ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಕ್ಕ. ಆದರೆ ಜಗ್ಗಲಿಲ್ಲ. ಹಿಡಿದ ವಾರವನ್ನು ನಡುವೆ ಬಿಟ್ಟು ಕಿಡ್ನಿಗೆ ಏನಾದರೂ ಆದರೆ ಯಾರು ಹೊಣೆ ಎಂಬುದು ಅವನ ಹೆದರಿಕೆ. ಅದು ಬರೀ ಹಟವಾಗಿದ್ದರೆ ನಾಲ್ಕು ಬೈದು ಮುರಿಯುತ್ತಿದ್ದೆ. ಹೆದರಿಕೆಯನ್ನು ಬೈದು ಮುರಿಯಲು ಬರುವುದಿಲ್ಲ.

ಆವತ್ತು ನಾನೂ ತಾಂಬಾಕ್ಕೇ ಹೋದೆ. ಅವ್ವನ ಮುಂದೆ ಎಲ್ಲ ಹೇಳಿದೆ. ಭುವನೇಶ್ವರಿ ಹಣೆ ಚಚ್ಚಿಕೊಂಡಳು. "ನಾನೂ ಇವರ ಸಂಗತಿ ಅಷ್ಟೂ ಸೋಮಾರ ಉಪಾಸ ಬಿದ್ದೇನ್ರಿ ಅಕ್ಕಾರ, ಡಾಕ್ಟರು ಹೇಳಿದ್ದಂತ!" ಎಂದಳು. ಅವ್ವ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡಳು. ರೀತಿ ನೀತಿಯ ವಿಷಯದಲ್ಲಿ ಅವಳ ಮಾತನ್ನು ನಮ್ಮ ಓಣಿಯಲ್ಲಿ ಯಾರೂ ದಾಟುವುದಿಲ್ಲ.

"ವಾರ ಹಿಡದಂಗ ಬಿಡಾಕೂ ರೀತಿ ಐತಿ" ಎಂದಳು. "ಯಾರ ಹೆಸರಿಲೆ ಹಿಡದಿ, ಅವರಿಗಿ ಉಡಿ ತುಂಬಿ ಬಿಡಬೇಕು. ಆಮ್ಯಾಲ ಯಾವ ದೋಷಾನೂ ಇಲ್ಲ."

ಉಡಿ ತುಂಬುವುದು ಮುತ್ತೈದೆಯರಿಗೆ. ನಾನು ಗಂಡ ಸತ್ತವಳು. ಯಜಮಾನರು ಹೋದಮೇಲೆ ನನ್ನ ಸೆರಗಿಗೆ ಯಾರೂ ಒಂದು ಹಿಡಿ ಅಕ್ಕಿ ಹಾಕಿರಲಿಲ್ಲ. ಭುವನೇಶ್ವರಿ ಬಸುರಿಯಾಗಿದ್ದಾಗ ಕುಬಸದ ದಿನ ಹೆಂಗಸರೆಲ್ಲ ಉಡಿ ತುಂಬಲು ನಿಂತಾಗ, "ನೀ ಒಳಗ ಅಡಿಗಿ ನೋಡ್ಕೊ ವಿದ್ಯಾ" ಎಂದು ನನ್ನನ್ನು ಒಳಗೆ ಕಳಿಸಿದವಳು ಇದೇ ಅವ್ವ. ನಾನು ಒಳಗೆ ಹೋಗಿ ಹುಗ್ಗಿ ತಿರುವಿದ್ದೆ. ಅವಳ ಮೇಲೆ ನನಗೆ ಸಿಟ್ಟಿತ್ತು, ಇಷ್ಟು ವರ್ಷವೂ ಇತ್ತು. ಈಗ ಅವಳ ಮುಖ ನೋಡಿದೆ. ಅವಳು ನನ್ನ ಕಡೆ ನೋಡದೆ ಭುವನೇಶ್ವರಿಗೆ, "ಜಂಪರ ಕಣ ಹೊಸಾದ ತಗೊಂಬಾ. ಹಸರಂದು ತಗೋ. ಕೊಬ್ಬರಿ ಬಟ್ಟಲಾ ದೊಡ್ಡೂ ಇರಲಿ" ಎಂದು ಹೇಳುತ್ತಿದ್ದಳು.

"ಅವ್ವಾ, ನನಗ?" ಎಂದೆ.

"ನಿನಗ ಅಲ್ದ ಇನ್ಯಾರಿಗಿ? ಇದರಾಗ ಕೇಳೂದೇನೈತಿ?" ಎಂದು ನನ್ನ ಮೇಲೆಯೇ ರೇಗಿದಳು. ಸಿಟ್ಟು ನಮ್ಮ ಮನೆತನಕ್ಕೇ ಇದೆ.

ಮುಂದಿನ ಸೋಮವಾರದ ಹಿಂದಿನ ದಿನವೇ ತಾಂಬಾಕ್ಕೆ ಹೋಗಿ ಉಳಿದೆ. ನಸುಕಿನಲ್ಲಿ ಎದ್ದು ಸ್ನಾನ ಮಾಡಿ ದೇವರ ಮುಂದೆ ಮಣೆಯ ಮೇಲೆ ಕೂತೆ. ಸೆರಗನ್ನು ಅಗಲಿಸಿ ಹಿಡಿದೆ. ಭುವನೇಶ್ವರಿ ಹಸಿರು ಕಣ ಹಾಕಿದಳು. ಹಿಡಿಹಿಡಿ ಅಕ್ಕಿ ಸುರಿದಳು, ಉತ್ತತ್ತಿ, ಅಡಿಕೆ, ಅರಿಶಿನದ ಕೊಂಬು, ಕೊಬ್ಬರಿ ಬಟ್ಟಲು ಒಂದೊಂದೇ ಇಟ್ಟಳು. ಆಮೇಲೆ ಅವ್ವ ತಾನೂ ಬಗ್ಗಿ ಒಂದು ಹಿಡಿ ಅಕ್ಕಿ ಹಾಕಿದಳು. ಅವಳೂ ಗಂಡ ಸತ್ತವಳೇ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಶ್ರೀಶೈಲ ನನ್ನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದ. ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದದ ಮಾತು ಹೇಳಬೇಕೆಂದರೆ ಒಂದೂ ನೆನಪಿಗೆ ಬರಲಿಲ್ಲ. "ನೀರು ಕುಡಿ" ಎಂದೆ. ಅವನು ಚೊಂಬು ಎತ್ತಿ, ಬಿಪಿಯ ಗುಳಿಗೆ ಬಾಯಿಗೆ ಹಾಕಿಕೊಂಡು, ಗಟಗಟ ಅಷ್ಟೂ ನೀರು ಕುಡಿದ.

ತುಂಬಿದ ಉಡಿಯನ್ನು ದಾರಿಯಲ್ಲೆಲ್ಲೂ ಬಿಚ್ಚುವಂತಿಲ್ಲ, ತನ್ನ ಮನೆಗೆ ಒಯ್ದು ದೇವರ ಮುಂದೆಯೇ ಬಿಚ್ಚಬೇಕು. ಇಂಡಿಯ ನನ್ನ ಮನೆಗೆ ಹೋಗಿ ಬಿಚ್ಚಿ ಬರುವಷ್ಟು ಹೊತ್ತಿರಲಿಲ್ಲ, ಬಸ್ಸು ತಪ್ಪುತ್ತಿತ್ತು. ಸೆರಗನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಗೇ ಸೊಲ್ಲಾಪುರಕ್ಕೆ ಹೊರಟೆ. ಬಸ್ಸು ಕುಲುಕಿದಾಗಲೆಲ್ಲ ಅದರ ಭಾರ ಎಡ ಪಕ್ಕೆಯ ಹೊಲಿಗೆಯ ಗುರುತಿಗೆ ತಾಗುತ್ತಿತ್ತು. ಅವನು ದಾರಿಯುದ್ದಕ್ಕೂ ಬಾಟಲಿಯಿಂದ ನೀರು ಕುಡಿಯುತ್ತಾ, ನಾನು ನೋಡುತ್ತಿದ್ದೇನೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡುತ್ತಾ ಕೂತಿದ್ದ.

ಬಿಪಿ ಸರಿಯಾಗಿತ್ತು. ರಕ್ತದ ರಿಪೋರ್ಟ್ ಬರುವ ತನಕ ನಾನು ಬೆಂಚಿನ ಮೇಲಿಂದ ಏಳಲಿಲ್ಲ. ಡಾಕ್ಟರ್ ಯಾಸ್ಮಿನ ಕಾಗದವನ್ನು ಮೇಲಿಂದ ಕೆಳಗೆ ಓದಿ, ಅದನ್ನು ಪಕ್ಕಕ್ಕಿಟ್ಟು ನಮ್ಮಿಬ್ಬರನ್ನೂ ನೋಡಿದರು.

"ಕ್ರಿಯಾಟಿನಿನ್ ಮೊದಲಿನಂಗ ಕೆಳಗ ಬಂದೈತಿ. ನಿಮ್ಮ ಕಿಡ್ನಿ ಗಟ್ಟಿ ಐತ್ರಿ" ಎಂದರು. ಯಾರಿಗೆ ಹೇಳಿದರು, ಅವನಿಗೋ ನನಗೋ ಗೊತ್ತಾಗಲಿಲ್ಲ. ಇನ್ನು ಸ್ವಲ್ಪ ದಿನ ಮನೆಯಲ್ಲಿ ಬಿಪಿ ನೋಡಿಕೊಂಡು, ತಲೆಸುತ್ತು ಬರದಿದ್ದರೆ ಗಾಡಿ ಹೊಡೆಯಬಹುದು ಎಂದೂ ಹೇಳಿದರು. ಶ್ರೀಶೈಲನ ಮುಖ ಅರಳಿತು.

ಏಳುವಾಗ ನಾನು ಸೊಂಟದ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಡಾಕ್ಟರರ ಕಣ್ಣು ಅದರ ಮೇಲೆ ಬಿತ್ತು.

"ಅದೇನ್ರಿ ಟೀಚರ್, ಅಷ್ಟ ಜೋಪಾನ ಮಾಡಾಕತ್ತೀರಿ?"

"ನನ್ನ ತಮ್ಮ ಉಡಿ ತುಂಬಿಸ್ಯಾನ್ರಿ" ಎಂದೆ. ಮಂದಿಯ ಮುಂದೆ ಅಳುವವಳು ನಾನಲ್ಲ, ಆದರೆ ಆವತ್ತು ಅತ್ತೆ. ಅತ್ತುಕೊಂಡೇ ಹೊರಗೆ ಬಂದೆ, ಇಂಡಿಯ ನನ್ನ ಮನೆ ಮುಟ್ಟುವ ತನಕ ಆ ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ.